ಹೆಣದ ಗಾಡಿಗೆ ನಿಲ್ಲದ ಬಸ್ಸು

ಡೆಲ್ಫೀನ್ ಬ್ಯಾಟಲ್ ತೀರಿಕೊಂಡ ಮೇಲೆ ಚರ್ಚಿನಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತು ಅವಳ ಬಗ್ಗೆ ಮಾತಾಡಿದರು. ಆಯುಷ್ಯವೆಲ್ಲ ಶಾಲೆಯ ಬಸ್ಸು ಓಡಿಸಿದಳು, ಒಂದು ಮಗುವಿಗೂ ಗೀರು ತಾಗಗೊಡಲಿಲ್ಲ ಎಂದರು. ಕೈ ಧಾರಾಳ ಎಂದರು. ನಾಲಿಗೆ ಹರಿತ, ಮನಸ್ಸು ಮೆದು ಎಂದರು. ಪೆಟ್ಟಿಗೆಯಲ್ಲಿ ಮಲಗಿದ್ದವಳಿಗೆ ಕೇಳಿಸಿದ್ದರೆ 'ಮೆದು' ಎಂಬ ಮಾತಿಗೆ ಮೂಗು ಮುರಿಯುತ್ತಿದ್ದಳು. ಹೊಟ್ಟೆಕಿಚ್ಚಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಸತ್ತವರ ಎದುರು ಎತ್ತುವ ಮಾತಲ್ಲ, ನಿಜ. ಆದರೆ ಅದೊಂದನ್ನು ತೆಗೆದುಬಿಟ್ಟರೆ ಉಳಿಯುವವಳು ಯಾರೋ ಬೇರೆ ಒಳ್ಳೆಯ ಹೆಂಗಸು. ಡೆಲ್ಫೀನ್ ಅಲ್ಲ.

ಅವಳೇನು ಅದನ್ನು ಬಚ್ಚಿಟ್ಟುಕೊಂಡವಳಲ್ಲ. ವಯಸ್ಸಾದ ಹೆಂಗಸರು ಸೇರಿದ ಕಡೆ ಕಾಯಿಲೆಯ ಮಾತು ಬಂದೇ ಬರುತ್ತದೆ. ಆಗ ಅವಳು ಕಾಲು ಚಾಚಿ ಕೂತು ಹೇಳುವಳು, "ಒಬ್ಬೊಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬೊಬ್ಬರಿಗೆ ಬೀಪಿ. ನನಗೆ ರೋವೀನಾ ಪಿಟ್."

ಅವಳ ಗಂಡ ರೂಫಸ್ ಬದುಕಿದ್ದಾಗ ಒಮ್ಮೆ ಊಟದ ಮೇಜಿನಲ್ಲಿ ತಟ್ಟೆ ಸರಿಸಿ ಹೇಳಿದ್ದನಂತೆ, "ಆ ರೋವೀನಾಳನ್ನ ನೆನೆಸ್ಕೊಳ್ಳೋದರಲ್ಲಿ ಕಾಲುಭಾಗ ನನ್ನನ್ನ ನೆನೆಸ್ಕೊಂಡಿದ್ರೆ ಈ ಮೀನಿಗೆ ಉಪ್ಪಾದ್ರೂ ಬೀಳ್ತಿತ್ತು."

ರೋವೀನಾಳ ಅಪ್ಪ ಮಿಸ್ಟರ್ ಪಿಟ್ ನಮ್ಮ ಕಪ್ಪು ಜನರ ಶವಸಂಸ್ಕಾರ ನೋಡಿಕೊಳ್ಳುತ್ತಿದ್ದವರು. ಉತ್ತರ ಕೆರೊಲಿನಾದ ನಮ್ಮಂಥ ಹೊಗೆಸೊಪ್ಪಿನ ಊರುಗಳಲ್ಲಿ ಬಿಳಿಯರು ನಮ್ಮ ಕೈ ಅಡುಗೆ ತಿನ್ನುತ್ತಿದ್ದರು, ನಮ್ಮ ಹೆಂಗಸರ ಕೈಗೆ ತಮ್ಮ ಎಳೆಮಕ್ಕಳನ್ನು ಕೊಡುತ್ತಿದ್ದರು. ನಮ್ಮ ಹೆಣ ಮಾತ್ರ ಮುಟ್ಟುತ್ತಿರಲಿಲ್ಲ. ಆದ್ದರಿಂದ ಪಿಟ್ ಅವರ ಮನೆಗೆ ಯಾವತ್ತೂ ಬರಗಾಲ ಬರಲಿಲ್ಲ. ಮನೆಯಲ್ಲಿ ಪಿಯಾನೋ ಇತ್ತು. ಮಗಳ ಕಾಲಿಗೆ ಪ್ರತಿ ಈಸ್ಟರಿಗೂ ಹೊಸ ಬೂಟು. ಡೆಲ್ಫೀನಳ ತಾಯಿ ಮಿಸ್ ಹ್ಯಾಟಿ ಹೊಗೆಸೊಪ್ಪಿನ ಮಂಡಿಯ ಸಾಹುಕಾರನ ಮನೆಯಲ್ಲಿ ಅಡುಗೆಯವಳು. ಊರಿನ ಶಾಲೆಗಳನ್ನು ನಡೆಸುತ್ತಿದ್ದ ಮಂಡಳಿಯಲ್ಲಿ ಆ ಸಾಹುಕಾರನೂ ಒಬ್ಬ.

ನಮ್ಮ ಮಕ್ಕಳಿಗೆಲ್ಲ ಇದ್ದದ್ದು ಪೈನ್ ಸ್ಟ್ರೀಟ್ ಶಾಲೆ ಒಂದೇ. ಅಲ್ಲಿ ಡೆಲ್ಫೀನ್ ಯಾವಾಗಲೂ ಮೊದಲು, ರೋವೀನಾ ಎರಡನೆಯವಳು. ಬೂಟಿನಲ್ಲಿ ಸೋತದ್ದನ್ನು ಡೆಲ್ಫೀನ್ ಲೆಕ್ಕದಲ್ಲಿ ಗೆಲ್ಲುತ್ತಿದ್ದಳು. ಅಲ್ಲಿಗಲ್ಲಿಗೆ ತೂಕ ಸರಿಹೋಗುತ್ತಿತ್ತು.

ಆ ತೂಕ ಕೆಟ್ಟದ್ದು ಸಾವಿರದ ಒಂಬೈನೂರ ಅರವತ್ನಾಲ್ಕರಲ್ಲಿ. ಅದುವರೆಗೆ ನಮ್ಮವರಿಗೆ ಮುಚ್ಚಿದ್ದ ಬಿಳಿಯರ ಹೈಸ್ಕೂಲಿಗೆ ನಮ್ಮ ಕಡೆಯಿಂದ ಒಂದು ಮಗುವನ್ನು ಕಳಿಸುವುದೆಂದು ತೀರ್ಮಾನವಾಯಿತು. ಯಾರನ್ನು ಎಂದು ನಿರ್ಧರಿಸಲು ಹಿರಿಯರು ಚರ್ಚಿನ ನೆಲಮನೆಯಲ್ಲಿ ಸೇರಿದರು. ಡೆಲ್ಫೀನ್ ಆ ದಿನ ತನ್ನ ಒಳ್ಳೆಯ ಲಂಗಕ್ಕೆ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದಳು. ಯಾರಾದರೂ ಕರೆಯಲು ಬಂದರೆ ಇರಲಿ ಎಂದು. ಯಾರೂ ಬರಲಿಲ್ಲ. ಆಯ್ಕೆಯಾದವಳು ರೋವೀನಾ.

"ಅಂಕ ನಂದು ಜಾಸ್ತಿ," ಎಂದಳು ಡೆಲ್ಫೀನ್.

"ಗೊತ್ತು ಮಗಾ," ಎಂದಳು ಮಿಸ್ ಹ್ಯಾಟಿ, ಜೋಳದ ರೊಟ್ಟಿಯ ಹಿಟ್ಟು ಕಲಸುತ್ತಾ.

"ಮತ್ತೆ?"

"ಪಿಟ್ ಕೆಲಸ ಕಿತ್ಕೊಳ್ಳೋಕೆ ಯಾವ ಬಿಳಿಯನಿಂದಾಗುತ್ತೆ? ನಮ್ಮ ಸತ್ತೋರನ್ನ ಅವರು ಬಂದು ಹೂಳ್ತಾರಾ? ನಂದು ಹಾಗಲ್ಲ. ನೀನು ಆ ಶಾಲೆ ಬಾಗಿಲಿಗೆ ಕಾಲಿಟ್ಟ ದಿನ ಸಾಹುಕಾರ್ರು ಕಾಫಿ ಕುಡಿದು ಲೋಟ ಇಡೋದರೊಳಗೆ ನನ್ನ ಕೆಲಸ ಹೋಗಿರುತ್ತೆ. ಅಂಕ ಬೇಯಿಸ್ಕೊಂಡು ತಿನ್ನೋಣವಾ?"

ಹಿರಿಯರು ಯೋಚಿಸಿದ್ದೂ ಅದನ್ನೇ. ಅವರು ಮಗುವಿನ ಬುದ್ಧಿ ನೋಡಿ ಆರಿಸಲಿಲ್ಲ. ಯಾರ ಅಪ್ಪನ ಹೊಟ್ಟೆಯ ಮೇಲೆ ಹೊಡೆಯಲು ಬಿಳಿಯರಿಗೆ ಆಗುವುದಿಲ್ಲ ಎಂದು ನೋಡಿ ಆರಿಸಿದರು. ಅದು ಜಾಣತನವೇ. ಆದರೆ ಹದಿನಾರರ ಹುಡುಗಿಗೆ ಅದು ಜಾಣತನವಾಗಿ ಕಾಣಲಿಲ್ಲ. ಇದ್ದವರಿಗೇ ಇನ್ನಷ್ಟು ಬಡಿಸುವ ಪಂಕ್ತಿಭೇದದಂತೆ ಕಂಡಿತು. ಡೆಲ್ಫೀನ್ ಇಸ್ತ್ರಿಯ ಲಂಗವನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಆ ಕಾಲಕ್ಕೆ ನಮ್ಮ ರಾಜ್ಯದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವರು ದೊಡ್ಡ ತರಗತಿಯ ಮಕ್ಕಳೇ. ಡೆಲ್ಫೀನಳಿಗೆ ಪರವಾನಗಿ ಸಿಕ್ಕಿತ್ತು. ಬೆಳಗ್ಗೆ ಹೊಲದ ಅಂಚಿನ ಮನೆಗಳಿಂದ ಮಕ್ಕಳನ್ನು ತುಂಬಿಕೊಂಡು ಬರುವಾಗ ಬಸ್ಸಿನೊಳಗೆ ಹಾಡೋ ಹಾಡು. ಮೇಷ್ಟ್ರುಗಳ ನಡಿಗೆ, ಕೆಮ್ಮು, ಬೋಳುತಲೆ ಎಲ್ಲಕ್ಕೂ ಪದ ಕಟ್ಟಿ, ಸೀಟಿನ ಬೆನ್ನಿಗೆ ತಾಳ ಹಾಕಿ ಹಾಡುವರು. ಡೆಲ್ಫೀನ್ ಮೊದಲ ಸಾಲು ಎತ್ತಿಕೊಡುವಳು, ಉಳಿದವರು ಮುಂದುವರಿಸುವರು.

ರೈಲು ಹಳಿ ದಾಟುವ ಕಡೆ ಎದುರಿಂದ ಪಿಟ್ ಅವರ ಹೆಣದ ಗಾಡಿ ಬರುತ್ತಿತ್ತು. ಕಪ್ಪಗೆ, ಉದ್ದಕ್ಕೆ, ಮುಖ ಕಾಣುವ ಹಾಗೆ ಹೊಳೆಯುವ ಗಾಡಿ. ಹಿಂದಿನ ಕಿಟಕಿಗಳಿಗೆ ಬೂದು ಬಣ್ಣದ ಪರದೆ. ಮಿಸ್ಟರ್ ಪಿಟ್ ಅದರಲ್ಲಿ ಮಗಳನ್ನು ಬಿಳಿಯರ ಶಾಲೆಗೆ ಬಿಡಲು ಕರೆದುಕೊಂಡು ಹೋಗುತ್ತಿದ್ದರು. ಪರದೆಯ ಹಿಂದೆ ಮಖಮಲ್ಲಿನ ಮೇಲೆ ರಾಣಿಯ ಹಾಗೆ ಕೂತು ಹೋಗುತ್ತಾಳೆ ಎಂದು ಪೈನ್ ಸ್ಟ್ರೀಟಿನ ಮಕ್ಕಳೆಲ್ಲ ಮಾತಾಡಿಕೊಳ್ಳುತ್ತಿದ್ದರು. ನೋಡಿದವರು ಯಾರೂ ಇರಲಿಲ್ಲ.

ಹೆಣದ ಗಾಡಿ ಕಂಡರೆ ನಿಲ್ಲುವುದು ನಮ್ಮಲ್ಲಿ ರೂಢಿ. ನಡೆಯುವವನು ನಿಲ್ಲುತ್ತಾನೆ, ಓಡಿಸುವವನು ಬದಿಗೆ ಹಾಕುತ್ತಾನೆ, ಗಂಡಸರು ಟೋಪಿ ತೆಗೆಯುತ್ತಾರೆ. ಒಳಗೆ ಹೆಣ ಇದೆಯೋ ಇಲ್ಲವೋ ಎಂದು ಇಣುಕಿ ನೋಡಿ ಗೌರವ ಕೊಡುವವರು ಯಾರೂ ಇಲ್ಲ. ಹಾಗಾಗಿ ದಿನಾ ಬೆಳಗ್ಗೆ ಡೆಲ್ಫೀನ್ ಬಸ್ಸನ್ನು ಬದಿಗೆ ಹಾಕಿ ನಿಲ್ಲಿಸಬೇಕಾಗುತ್ತಿತ್ತು. ಹಾಡು ನಿಲ್ಲುತ್ತಿತ್ತು. ಹುಡುಗರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ಗಾಡಿ ಸದ್ದಿಲ್ಲದೆ ಜಾರಿಕೊಂಡು ಹೋಗುವವರೆಗೆ ಎಲ್ಲರೂ ತಲೆ ತಗ್ಗಿಸಿ ಕೂರಬೇಕು. ಡೆಲ್ಫೀನ್ ಮಾತ್ರ ತಗ್ಗಿಸುತ್ತಿರಲಿಲ್ಲ. ಪರದೆಯನ್ನು ದಿಟ್ಟಿಸುತ್ತಿದ್ದಳು.

ಒಂದು ಬೆಳಗ್ಗೆ ಅವಳು ನಿಲ್ಲಿಸಲಿಲ್ಲ. ಅಂದು ಪರೀಕ್ಷೆಯ ಫಲಿತಾಂಶದ ದಿನ. ಅವಳೇ ಮೊದಲು ಬರುವವಳು, ಸಂಶಯವಿರಲಿಲ್ಲ. ಆದರೆ ಎರಡನೆಯವಳಿಲ್ಲದ ತರಗತಿಯಲ್ಲಿ ಮೊದಲು ಬಂದು ಏನು ಸುಖ? ಎದುರಿಗೆ ಆ ಗಾಡಿ ಬಂತು. ಡೆಲ್ಫೀನ್ ಕಾಲನ್ನು ಬ್ರೇಕಿನ ಮೇಲಿಡಲಿಲ್ಲ. ಹಿಂದೆ ಹಾಡು ತಡವರಿಸಿತು.

"ಹಾಡ್ರೋ! ನಿಲ್ಲಿಸೋಕೆ ಯಾರು ಹೇಳಿದ್ದು?" ಎಂದು ಕೂಗಿದಳು. ಮಕ್ಕಳು ಹೆದರಿಕೊಂಡು ಎರಡರಷ್ಟು ಗಟ್ಟಿಯಾಗಿ ಹಾಡಿದರು. ಮಿಸ್ಟರ್ ಪಿಟ್ ಅವರೇ ಗಾಡಿಯನ್ನು ಹುಲ್ಲಿನ ಕಡೆಗೆ ತಿರುಗಿಸಿ ನಿಲ್ಲಿಸಬೇಕಾಯಿತು. ಪೈನ್ ಸ್ಟ್ರೀಟಿನ ಬಸ್ಸು ತಾಳ ಹಾಕಿಕೊಂಡು ಅವರ ಮೂಗಿನ ಎದುರೇ ಹಳಿ ದಾಟಿತು.

ಹೆಡ್‌ಮಾಸ್ಟರು ಅವಳಿಂದ ಬಸ್ಸಿನ ಕೀಲಿ ಕಿತ್ತುಕೊಂಡರು. ವಾರ ಬಿಟ್ಟು ತಿರುಗಿ ಕೊಡುವಾಗ, "ನಿನಗೆ ಸತ್ತವರ ಮೇಲೆ ಮರ್ಯಾದೆ ಇಲ್ಲವೇನಮ್ಮ?" ಎಂದು ಕೇಳಿದರು.

"ಸತ್ತಿರಲಿಲ್ಲ ಸರ್ ಅವಳು," ಎಂದಳು ಡೆಲ್ಫೀನ್.

ಪೈನ್ ಸ್ಟ್ರೀಟ್ ಅವಳಿಗೆ ಕೊಟ್ಟ ದೊಡ್ಡದೊಂದು ಇತ್ತು, ಬ್ಯಾಂಡಿನ ಮುಂದಾಳು ಪಟ್ಟ. ಕೋಲು ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವುದು. ನಮ್ಮ ಬ್ಯಾಂಡಿಗೆ ಡೋಲು, ಕಹಳೆ, ಬೂಟು ಎಲ್ಲವೂ ಬಿಳಿಯರ ಶಾಲೆಯವರು ಬಳಸಿ ಬಿಟ್ಟವು. ಬೂಟುಗಳು ಯಾರ ಕಾಲಿಗೂ ಸರಿಯಿರಲಿಲ್ಲ, ಎಲ್ಲ ದೊಡ್ಡವು. ಕಾಲೆತ್ತಿದರೆ ಬೂಟು ರಸ್ತೆಯಲ್ಲೇ ಉಳಿಯುತ್ತಿತ್ತು. ಬ್ಯಾಂಡಿನ ಮೇಷ್ಟ್ರು ಸ್ಪೈಟ್ ಅದಕ್ಕೊಂದು ಉಪಾಯ ಹುಡುಕಿದರು. ಮೂರು ಹೆಜ್ಜೆಗೊಮ್ಮೆ ಬಲಗಾಲನ್ನು ನೆಲಕ್ಕೆ ಒತ್ತಿ ಎಳೆಯುವುದು, ಎಳೆಯುತ್ತಲೇ ಭುಜ ಹಿಂದಕ್ಕೆ ವಾಲಿಸುವುದು. ಬೂಟು ಉಳಿಯಿತು, ಹೊಸದೊಂದು ನಡಿಗೆಯೂ ಹುಟ್ಟಿತು. ಬೀದಿಯಲ್ಲಿ ಆ ಎಳೆಹೆಜ್ಜೆ ಬಂದರೆ ಬಿಳಿಯರೂ ಅಂಗಡಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ತಮ್ಮ ಹಳೆಯ ಬೂಟಿನ ಕೆಲಸ ಅದು ಎಂದು ಅವರಿಗೆ ಗೊತ್ತಿರಲಿಲ್ಲ.

ಶಾಲೆ ಮುಗಿಸಿ ಡೆಲ್ಫೀನ್ ಮೇಷ್ಟ್ರ ಕೆಲಸಕ್ಕೆ ಓದಿದಳು. ಓದು ಮುಗಿದ ವರ್ಷವೇ ಪೈನ್ ಸ್ಟ್ರೀಟ್ ಶಾಲೆಯನ್ನು ಮುಚ್ಚಿದರು. ಇನ್ನು ಮುಂದೆ ಎಲ್ಲ ಮಕ್ಕಳೂ ಒಂದೇ ಕಡೆ ಓದುತ್ತಾರೆ ಎಂದರು. ಒಂದೇ ಕಡೆ ಎಂದರೆ ಅವರ ಕಡೆ. ನಮ್ಮ ಹೆಡ್‌ಮಾಸ್ಟರನ್ನು ಪಠ್ಯಪುಸ್ತಕದ ಉಗ್ರಾಣಕ್ಕೆ ಹಾಕಿದರು. ಸ್ಪೈಟ್ ಮೇಷ್ಟ್ರು ಅಂಚೆ ಬಟವಾಡೆಗೆ ಹೋದರು. ಗಾಜಿನ ಕಪಾಟಿನಲ್ಲಿದ್ದ ಬಹುಮಾನದ ಕಪ್ಪುಗಳನ್ನೂ ಫಲಕಗಳನ್ನೂ ತಿಪ್ಪೆಗೆ ಎಸೆದರು. ಶಾಲೆಯ ಕಟ್ಟಡದಲ್ಲಿ ಪುರಸಭೆಯ ಕಸದ ಲಾರಿಗಳು ಬಂದು ನಿಂತವು. ಡೆಲ್ಫೀನ್ ಕೆಲಸ ಕೇಳಿಕೊಂಡು ಹೋದಾಗ, ನಿಮ್ಮವರು ಈಗಿರುವವರೇ ಹೆಚ್ಚಾಗಿದ್ದಾರೆ, ಜಾಗ ಖಾಲಿಯಾದರೆ ಹೇಳಿ ಕಳಿಸುತ್ತೇವೆ ಎಂದರು. ಬಸ್ಸು ಓಡಿಸುವವರು ಬೇಕಾಗಿದ್ದಾರೆ, ಬರುತ್ತೀಯಾ ಎಂದೂ ಕೇಳಿದರು. ಹೋದಳು. ಹೇಳಿ ಕಳಿಸಲೇ ಇಲ್ಲ.

ಅತ್ತ ರೋವೀನಾ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿ ಔಷಧಶಾಸ್ತ್ರ ಓದಿದಳು, ವಾಷಿಂಗ್ಟನ್ನಿನಲ್ಲಿದ್ದಳು, ಅಪ್ಪ ತೀರಿಕೊಂಡಾಗ ಬಂದು ಅವರ ವ್ಯವಹಾರ ಹಿಡಿದಳು. ಆಗಿನಿಂದ ಪ್ರತಿ ಫೆಬ್ರವರಿಯಲ್ಲಿ, ಕಪ್ಪು ಜನರ ಚರಿತ್ರೆಯ ತಿಂಗಳೆಂದು, ಅವಳು ಓದಿದ ಆ ಶಾಲೆಯವರು ಅವಳನ್ನು ವೇದಿಕೆಗೆ ಹತ್ತಿಸುತ್ತಿದ್ದರು. ಬಾಗಿಲು ತೆರೆದ ಹುಡುಗಿ ಎಂದು ಪರಿಚಯಿಸಿ ಫಲಕ ಕೊಡುತ್ತಿದ್ದರು. ಬೇರೆ ಶಾಲೆಗಳ ಮಕ್ಕಳನ್ನು ಆ ಭಾಷಣಕ್ಕೆ ತುಂಬಿಕೊಂಡು ಹೋಗುತ್ತಿದ್ದವಳು ಡೆಲ್ಫೀನ್. ಬಸ್ಸಿನಲ್ಲೇ ಕೂತಿರುತ್ತಿದ್ದಳು. ಒಳಗಿನ ಚಪ್ಪಾಳೆ ಬಾಗಿಲು ದಾಟಿ ಬರುತ್ತಿತ್ತು. ಒಮ್ಮೆ ಒಂದು ಪುಟ್ಟ ಹುಡುಗಿ ಬಸ್ಸು ಹತ್ತುತ್ತಾ, "ಮಿಸ್ ಬ್ಯಾಟಲ್, ಆವಾಗ ನೀವೆಲ್ಲಿದ್ರಿ?" ಎಂದು ಕೇಳಿದಳು.

"ಇಲ್ಲೇ," ಎಂದಳು ಡೆಲ್ಫೀನ್. "ಸ್ಟೀರಿಂಗ್ ಹಿಡ್ಕೊಂಡಿದ್ದೆ. ಹತ್ತು, ಕೂತ್ಕೋ."

ಅವಳಿಗೆ ಉಳಿದದ್ದು ಮೆರವಣಿಗೆ ಒಂದು. ಶಾಲೆ ಹೋದರೂ ಪೈನ್ ಸ್ಟ್ರೀಟಿನವರು ಪ್ರತಿ ಬೇಸಗೆಯಲ್ಲಿ ಸೇರುತ್ತಾರೆ. ಚಿಕಾಗೋದಿಂದ, ನ್ಯೂಯಾರ್ಕಿನಿಂದ ಬಂದು ಬೀಳುತ್ತಾರೆ. ಶನಿವಾರ ಬೆಳಗ್ಗೆ ಪಾಸಾದ ವರ್ಷದ ಪ್ರಕಾರ ಸಾಲು ಕಟ್ಟಿ, ಚರ್ಚಿನಿಂದ ಹಳೆಯ ಶಾಲೆಯ ಗೇಟಿನವರೆಗೆ ಅದೇ ಎಳೆಹೆಜ್ಜೆಯಲ್ಲಿ ನಡೆಯುತ್ತಾರೆ. ಪೈನ್ ಸ್ಟ್ರೀಟಿನಲ್ಲಿ ಪಾಸಾಗದವರಿಗೆ ಸಾಲಿನಲ್ಲಿ ಜಾಗವಿಲ್ಲ. ಗಂಡನಿಗಿಲ್ಲ, ಮಕ್ಕಳಿಗಿಲ್ಲ, ಪಾದ್ರಿಗೂ ಇಲ್ಲ. ಅರವತ್ತಾರನೆಯ ಇಸವಿಯ ಸಾಲಿಗೆ ಮುಂದಾಳು ಡೆಲ್ಫೀನ್. ಮಂಡಿ ನೋಯುತ್ತಿದ್ದರೂ, ರೂಫಸ್ ಹೋದ ವರ್ಷವೂ ಆ ಜಾಗವನ್ನು ಅವಳು ಬಿಟ್ಟುಕೊಡಲಿಲ್ಲ. ಆ ದಿನ ರಸ್ತೆಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುವವರಲ್ಲಿ ರೋವೀನಾ ಇರುತ್ತಿದ್ದಳು. ಅವಳ ಮುಂದೆ ಹಾದುಹೋಗುವಾಗ ಡೆಲ್ಫೀನಳ ಭುಜ ಇನ್ನೂ ನಾಲ್ಕು ಬೆರಳು ಹಿಂದಕ್ಕೆ ವಾಲುತ್ತಿತ್ತು.

ಅರವತ್ತಾರರವರು ಪಾಸಾಗಿ ಐವತ್ತನೆಯ ವರ್ಷ ಬಂತು. ಮೆರವಣಿಗೆಯ ಸಮಿತಿಯ ಯಜಮಾನ ಲೆಮುಯೆಲ್ ಡ್ರೇಕ್ ಎಂಬ ಕ್ಷೌರಿಕ, ಅದೇ ತರಗತಿಯವನು. ಅವನು ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಡೆಲ್ಫೀನಳನ್ನು ಮೆಟ್ಟಿಲ ಬಳಿ ಹಿಡಿದ.

"ಸಿಸ್ಟರ್ ಡೆಲ್ಫೀನ್, ಒಂದು ಮಾತಿತ್ತು."

"ಸಿಸ್ಟರ್ ಅಂದ್ಯಾ? ಹಾಗಾದ್ರೆ ಏನೋ ಕಿತ್ಕೊಳ್ಳೋಕೆ ಬಂದಿದ್ದೀಯ. ಹೇಳು ಲೆಮ್."

"ಈ ಸಲ ಮೇಯರ್ ಬರ್ತಾರಂತೆ. ಟಿವಿಯವರೂ ಬರ್ತಾರೆ. ಅದಕ್ಕೇ ಅವರ ಆಫೀಸಿನವರು ಒಂದು ಮಾತು ಹೇಳಿದ್ರು. ನಮ್ಮ ಸಾಲಿನ ಮುಂದೆ ರೋವೀನಾ ನಡೆದ್ರೆ ಚೆನ್ನಾಗಿರುತ್ತೆ ಅಂತ."

"ಯಾವ ರೋವೀನಾ?"

"ಊರಲ್ಲಿ ಎಷ್ಟು ರೋವೀನಾ ಇದ್ದಾರೆ?"

"ಪೈನ್ ಸ್ಟ್ರೀಟಲ್ಲಿ ಪಾಸಾದ ರೋವೀನಾ ಒಬ್ಬಳೂ ಇಲ್ಲ."

"ಹಟ ಮಾಡ್ಬೇಡ. ಒಂದು ವರ್ಷ ತಾನೇ? ನೀನು ಹಿಂದಿನ ಸಾಲಲ್ಲಿ ನಡಿ."

"ಲೆಮ್, ನಿನ್ನ ಕತ್ತರಿ ಒಂದು ದಿನ ಆ ಮಾಲ್‌ನಲ್ಲಿ ಕ್ಷೌರ ಮಾಡೋ ಹುಡುಗನಿಗೆ ಕೊಡು ಅಂದ್ರೆ ಕೊಡ್ತೀಯಾ?"

"ಕತ್ತರಿ ಬೇರೆ, ಇದು ಬೇರೆ."

"ನಿನಗೆ ಕತ್ತರಿ ಬಿಟ್ಟು ಹೆಂಡತಿ, ಅಂಗಡಿ, ಮೂರು ಮನೆ ಬಾಡಿಗೆ ಇದೆ. ನನಗೆ ಇದೊಂದೇ ಇರೋದು. ಬಾಗಿಲು ಅವಳಿಗೆ, ವೇದಿಕೆ ಅವಳಿಗೆ, ಫಲಕ ಅವಳಿಗೆ. ಈಗ ನನ್ನ ಕೋಲೂ ಅವಳಿಗೇನಾ? ಹೋಗಿ ಹೇಳು, ನಾನು ಉಸಿರಾಡೋವರೆಗೂ ಆಗಲ್ಲ ಅಂತ."

ಊರಿಗೆ ಕಿವಿಗಳು ಹೆಚ್ಚು. ಮಾರನೆಯ ದಿನ ಮಧ್ಯಾಹ್ನ ಡೆಲ್ಫೀನ್ ಜಗಲಿಯಲ್ಲಿ ಕೂತು ಅವರೆಯಂಥ ಬಟರ್ ಬೀನ್ಸ್ ಕಾಯಿ ಸುಲಿಯುತ್ತಿದ್ದಾಗ ರೋವೀನಾಳ ಕಾರು ಗೇಟಿನ ಬಳಿ ನಿಂತಿತು. ಅವಳು ಮೆಟ್ಟಿಲು ಹತ್ತಿ ಬಂದಳು. ಕತ್ತಿನಲ್ಲಿ ಮುತ್ತು, ಕಾಲಲ್ಲಿ ಹೊಸ ಬೂಟು. ಬೂಟನ್ನು ಡೆಲ್ಫೀನ್ ಮೊದಲು ನೋಡಿದಳು.

"ಒಳಗೆ ಕರೆಯಲ್ವಾ?"

"ಗಾಳಿ ಹೊರಗೇ ಚೆನ್ನಾಗಿದೆ."

ರೋವೀನಾ ಎದುರಿನ ಕುರ್ಚಿ ಎಳೆದು ಕೂತಳು. ಕೇಳದೆಯೇ ಬುಟ್ಟಿಯಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದಳು.

"ಮುಂದೆ ನಡೆಯೋದು ನನಗೆ ಬೇಡ," ಎಂದಳು.

"ದೊಡ್ಡ ಮನಸ್ಸು ತೋರ್ಸೋಕೆ ಬಂದ್ಯಾ? ಟಿವಿ ಮುಂದೆ ತೋರ್ಸು, ಊರಿಗಾದ್ರೂ ಕಾಣುತ್ತೆ."

"ಡೆಲ್ಫೀನ್, ಒಂದು ಗಳಿಗೆ ಬಾಯಿ ಮುಚ್ಕೊಂಡಿರ್ತೀಯಾ? ನಾನು ಕೇಳೋಕೆ ಬಂದಿದ್ದೀನಿ, ಕೊಡೋಕಲ್ಲ. ನನಗೆ ನಿಮ್ಮ ಸಾಲಲ್ಲಿ ಮಧ್ಯ ಒಂದು ಜಾಗ ಬೇಕು. ಎಡಕ್ಕೊಬ್ಬರು, ಬಲಕ್ಕೊಬ್ಬರು. ಮುಂದೆ ಜನ, ಹಿಂದೆ ಜನ. ಎಲ್ಲಿದ್ದೀನಿ ಅಂತ ಹುಡುಕಿದ್ರೂ ಕಾಣಬಾರದು, ಅಂಥಾ ಜಾಗ."

"ಪಾಸಾಗದವರಿಗೆ ಸಾಲಿಲ್ಲ."

"ಗೊತ್ತು. ಪಾಸಾಗಿದ್ರೆ ನಿನ್ನ ಹತ್ರ ಕೇಳೋಕೆ ಬರ್ತಿದ್ನಾ?"

"ಅಲ್ವೇ, ಎರಡು ವರ್ಷ ಮಖಮಲ್ಲಿನ ಮೇಲೆ ಕೂತು ಮೆರೆದವಳಿಗೆ ಈಗ ನಮ್ಮ ಧೂಳು ಬೇಕಾಯ್ತಾ?"

ರೋವೀನಾ ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟಳು. "ಕೂತು ಅಂತ ಯಾರು ಹೇಳಿದ್ದು ನಿನಗೆ?"

"ಊರೇ ಹೇಳ್ತಿತ್ತು."

"ಮಲಗಿ ಹೋಗ್ತಿದ್ದೆ ಕಣೇ. ಪೆಟ್ಟಿಗೆ ಇಡ್ತಾರಲ್ಲ, ಆ ಹಲಗೆ ಮೇಲೆ. ಮುಖದವರೆಗೂ ಕಂಬಳಿ. ಮೊದಲನೇ ವಾರ ಅಪ್ಪ ಸಣ್ಣ ಕಾರಲ್ಲಿ ಕರ್ಕೊಂಡು ಹೋಗ್ತಿದ್ರು, ಯಾರೋ ಗಾಜು ಒಡೆದ್ರು. ಕಲ್ಲೋ ಗುಂಡೋ ಗೊತ್ತಾಗ್ಲಿಲ್ಲ. ಹೆಣದ ಗಾಡಿಗೆ ಹೊಡೆಯೋಕೆ ಬಿಳಿಯರಿಗೂ ಅಂಜಿಕೆ ಅಂತ ಆಮೇಲೆ ಅಪ್ಪ ಅದನ್ನ ತೆಗೆದ್ರು. ಅಲ್ಲಿ ಇಳಿದ ಮೇಲೆ ದಿನಪೂರ್ತಿ ಒಬ್ಬಳೇ. ಊಟದ ಮೇಜಿಗೆ ನಾನು ಹೋಗಿ ಕೂತ್ರೆ ಮೇಜೇ ಖಾಲಿ ಆಗ್ತಿತ್ತು. ಬ್ಯಾಂಡಿಗೆ ಸೇರಿಸ್ಕೊಳ್ಳಿ ಅಂದೆ, ನನ್ನ ಅಳತೆಯ ಬಟ್ಟೆ ಇಲ್ಲ ಅಂದ್ರು."

ಡೆಲ್ಫೀನ್ ಬುಟ್ಟಿಯಿಂದ ಇನ್ನೊಂದು ಕಾಯಿ ತೆಗೆದುಕೊಂಡಳು.

"ದಿನದಲ್ಲಿ ಕಿವಿಗೆ ಬೀಳ್ತಿದ್ದ ಒಳ್ಳೇದು ಒಂದೇ, ನಿನ್ನ ಬಸ್ಸು. ಹಳಿ ಹತ್ರ ಬರೋಕೆ ಮೊದಲೇ ಹಾಡು ಕೇಳಿಸ್ತಿತ್ತು. ಸ್ಪೈಟ್ ಮೇಷ್ಟ್ರ ಕೆಮ್ಮಿನ ಹಾಡು. ಇನ್ನೇನು ನಗು ಬರೋ ಸಾಲು ಬರುತ್ತೆ ಅನ್ನೋವಾಗ ಗಾಡಿ ನಿಮ್ಮ ಹತ್ರ ಬಂದಿರ್ತಿತ್ತು. ಹಾಡು ನಿಂತು ಹೋಗ್ತಿತ್ತು. ಒಂದು ಬಸ್ಸು ತುಂಬಾ ಮಕ್ಕಳು ನನಗೋಸ್ಕರ ಸುಮ್ಮನಾಗೋರು. ಕಂಬಳಿ ಕೆಳಗೆ ನನಗೆ ಅನಿಸ್ತಿತ್ತು, ನಾನು ನಿಜವಾಗ್ಲೂ ಸತ್ತಿದ್ದೀನಿ, ಇವರಿಗೆಲ್ಲ ಗೊತ್ತಾಗಿದೆ, ನನಗೊಬ್ಬಳಿಗೇ ಗೊತ್ತಿಲ್ಲ ಅಂತ."

ಬೀದಿಯಲ್ಲಿ ಯಾರದೋ ನಾಯಿ ಬೊಗಳಿ ಸುಮ್ಮನಾಯಿತು.

"ಆ ಸಾಲು ಕೇಳಿದ್ದು ಒಂದೇ ಒಂದು ದಿನ," ಎಂದಳು ರೋವೀನಾ. "ನೀನು ನಿಲ್ಲಿಸದೇ ಹೋದ್ಯಲ್ಲ, ಅವತ್ತು. ಅಪ್ಪ ಬೈಕೊಂಡ್ರು. ನಾನು ಕಂಬಳಿ ಬಾಯಿಗೆ ತುರುಕ್ಕೊಂಡು ನಕ್ಕೆ. ಸಾಯಂಕಾಲದವರೆಗೂ ಅದನ್ನೇ ಗುನುಗ್ತಿದ್ದೆ. ನಿನ್ನ ಬಸ್ಸಿನ ಕೊನೇ ಸೀಟಲ್ಲಿ ಮೂಗು ಒರೆಸ್ಕೊಂಡು ಕೂರ್ತಿದ್ದನಲ್ಲ ಒಬ್ಬ ಮಂಕು ಹುಡುಗ, ಅವನ ಮೇಲೂ ಹೊಟ್ಟೆಕಿಚ್ಚು ಪಟ್ಟಿದ್ದೀನಿ ನಾನು. ನಿನ್ನ ಮೇಲೆ ಎಷ್ಟು ಅಂತ ಕೇಳಲೇಬೇಡ."

ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗಿ ತಬ್ಬಿಕೊಳ್ಳುತ್ತಿದ್ದರು. ಡೆಲ್ಫೀನಳ ಹೊಟ್ಟೆಯೊಳಗೆ ಹಳೆಯ ಕೆಂಡವೇ ಇನ್ನೊಂದು ಮಗ್ಗುಲಿಗೆ ಹೊರಳಿತು. ಕಷ್ಟದಲ್ಲೂ ಇವಳದೇ ಒಂದು ಕೈ ಮೇಲು. ತಾನು ಬಸ್ಸಿನ ಸೀಟಿನಲ್ಲಿ ಕೂತು ಸಹಿಸಿದ್ದರೆ, ಇವಳು ಹೆಣದ ಹಲಗೆಯ ಮೇಲೆ ಮಲಗಿ ಸಹಿಸಿದ್ದಳು. ಐವತ್ತು ವರ್ಷ ತಾನು ಹೊತ್ತುಕೊಂಡು ತಿರುಗಿದ ದುಃಖವನ್ನು ಇವಳು ಅರ್ಧ ಬುಟ್ಟಿ ಕಾಳು ಸುಲಿಯುವಷ್ಟರಲ್ಲಿ ಚಿಕ್ಕದು ಮಾಡಿಬಿಟ್ಟಿದ್ದಳು. ಅದು ನ್ಯಾಯವಲ್ಲ ಎನಿಸಿತು. ಅಳುವೂ ಬಂತು. ಎರಡೂ ಒಟ್ಟಿಗೆ ಬಂದುದರಿಂದ ಮಾತು ಗದರಿದಂತೆ ಬಂತು.

"ನಿನಗೆ ಎಲ್ಲದರಲ್ಲೂ ನನಗಿಂತ ಒಂದು ತೂಕ ಜಾಸ್ತಿನೇ ಆಗ್ಬೇಕು, ಅಲ್ವೇನೇ?"

ರೋವೀನಾ ನಕ್ಕಳು. ನಗುತ್ತಾ ನಗುತ್ತಾ ಮುತ್ತಿನ ಸರ ಹಿಡಿದುಕೊಂಡಳು.

"ಹೆಜ್ಜೆ ಬರುತ್ತಾ ನಿನಗೆ?" ಎಂದಳು ಡೆಲ್ಫೀನ್.

"ನೋಡಿ ನೋಡಿ ಗೊತ್ತು."

"ನೋಡಿ ಬರೋದಲ್ಲ ಅದು. ಆ ಬೂಟು ಮನೇಲಿ ಬಿಟ್ಟು ಬಾ. ಸತ್ತ ನಿನ್ನ ಗಂಡಂದು ಹಳೇದಿದ್ರೆ ಹಾಕ್ಕೊಂಡು ಬಾ, ದೊಡ್ಡದು. ನಾಳೆ ಚರ್ಚಿನ ಹಿಂದೆ."

ಲೆಮುಯೆಲನನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ಸಾಲಿನ ನಿಯಮ ಮುರಿಯುವುದಿದ್ದರೆ ತಾನೇ ಮುರಿಯುತ್ತೇನೆ, ತನಗೆ ಬೇಕಾದಷ್ಟೇ ಮುರಿಯುತ್ತೇನೆ ಎಂದಳು. ರೋವೀನಾ ಮಧ್ಯದಲ್ಲಿ ನಡೆಯುತ್ತಾಳೆ, ಕೋಲು ತನ್ನದೇ. ಲೆಮುಯೆಲ್ ತಲೆ ಕೆರೆದುಕೊಂಡು ಒಪ್ಪಿದ. ಮೇಯರ ಕಡೆಯವರಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಅವನಿಗಿರಲಿಲ್ಲ.

ರೋವೀನಾಳಿಗೆ ಹೆಜ್ಜೆ ಬರಲಿಲ್ಲ. ವಾರವಿಡೀ ಸಂಜೆ ಚರ್ಚಿನ ಹಿಂದಿನ ಅಂಗಳದಲ್ಲಿ ಗಂಡನ ಬೂಟು ಹಾಕಿಕೊಂಡು ಎಳೆದದ್ದೇ ಎಳೆದದ್ದು. ಕಾಲು ಎಳೆದರೆ ಭುಜ ಮರೆಯುವಳು, ಭುಜ ವಾಲಿಸಿದರೆ ಎಡಗಾಲು ಎಳೆಯುವಳು. ಪಿಯಾನೋ ಕಲಿತ ಬೆರಳು, ಔಷಧ ಅಳೆದ ಕಣ್ಣು, ಯಾವುದೂ ಪ್ರಯೋಜನಕ್ಕೆ ಬರಲಿಲ್ಲ.

"ಬಲ! ಬಲ ಅಂದೆ! ಹೆಣ ಎಳೆದ ಹಾಗೆ ಎಳೀಬೇಡ, ಉದ್ದ ಲಂಗ ಎಳೆದ ಹಾಗೆ ಎಳಿ."

"ಹೆಣ ಎಳೆದು ಅಭ್ಯಾಸ ಕಣೇ ನನಗೆ."

ಡೆಲ್ಫೀನ್ ಬೈದಳು, ಕೂಗಿದಳು, ಕೋಲಿನಿಂದ ಅವಳ ಮೊಣಕಾಲಿಗೆ ತಟ್ಟಿದಳು. ಮನೆಗೆ ಹೋಗುವಾಗ ಹಗುರವಾಗಿ ಹೋಗುತ್ತಿದ್ದಳು. ರೋವೀನಾಳಿಗೆ ಬಾರದ್ದು ಒಂದಾದರೂ ಈ ಲೋಕದಲ್ಲಿತ್ತು. ಅದು ತನಗೆ ಬರುತ್ತಿತ್ತು. ಅಷ್ಟು ಚೆನ್ನಾಗಿ ಅವಳು ಎಷ್ಟೋ ವರ್ಷಗಳಿಂದ ನಿದ್ದೆ ಮಾಡಿರಲಿಲ್ಲ.

ಶನಿವಾರ ಬಂತು. ಚರ್ಚಿನ ಮುಂದೆ ಸಾಲುಗಳು ನಿಂತವು. ಬೀದಿಯ ಎರಡೂ ಬದಿ ಕುರ್ಚಿ, ಕೊಡೆ, ಹುರಿದ ಮೀನಿನ ವಾಸನೆ. ಡೆಲ್ಫೀನ್ ಬಿಳಿ ಕೈಗವಸು ಹಾಕಿಕೊಂಡು, ಕೋಲು ಹಿಡಿದು ಅರವತ್ತಾರರ ಬಾವುಟದ ಮುಂದೆ ನಿಂತಿದ್ದಳು. ರೋವೀನಾ ನಾಲ್ಕು ಸಾಲು ಹಿಂದೆ, ಲೆಮುಯೆಲ್ ಮತ್ತು ಅವನ ಅತ್ತಿಗೆಯ ನಡುವೆ.

ಆಗ ಮೇಯರ ಕಚೇರಿಯ ಬಿಳಿ ಹುಡುಗಿಯೊಬ್ಬಳು ಕಿವಿಗೆ ವೈರು ಸಿಕ್ಕಿಸಿಕೊಂಡು ಓಡಿ ಬಂದಳು. ಕೈಯಲ್ಲಿ ಹೊಳೆಯುವ ಪಟ್ಟಿ. ಅದರ ಮೇಲೆ ಚಿನ್ನದ ಬಣ್ಣದಲ್ಲಿ 'ಮೊದಲನೆಯವಳು' ಎಂದು ಬರೆದಿತ್ತು. ಸಾಲಿನೊಳಗೆ ನುಗ್ಗಿ ರೋವೀನಾಳ ಹೆಗಲಿಗೆ ಅದನ್ನು ಹಾಕಿ, ಮೊಣಕೈ ಹಿಡಿದು, "ಇಲ್ಲಿದ್ದೀರಾ! ಬನ್ನಿ ಮೇಡಂ, ಕ್ಯಾಮೆರಾ ಕಾಯ್ತಿದೆ," ಎಂದು ಮುಂದಕ್ಕೆ ಕರೆದುಕೊಂಡು ಬಂದಳು. ರೋವೀನಾ ಬೇಡ ಎನ್ನಲಿಲ್ಲ. ಅವಳ ಮುಖದ ಮೇಲೆ ಫೆಬ್ರವರಿಯ ನಗು ಬಂದು ಕೂತಿತ್ತು. ವೇದಿಕೆ ಹತ್ತುವಾಗಿನ ನಗು.

ಡೆಲ್ಫೀನ್ ಮಾಡಿದ್ದನ್ನು ದಯೆ ಎಂದು ಆಮೇಲೆ ಹಲವರು ಹೇಳಿದರು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಆ ಪಟ್ಟಿ. ಎರಡನೆಯದು, ತನ್ನ ಜಾಗಕ್ಕೆ ಬರುತ್ತಿರುವ ಕಾಲು. ಮುಖದ ನಗು ಕಂಡದ್ದು ಆಮೇಲೆ.

"ಏ ಮಗೂ," ಎಂದಳು, ಬಸ್ಸಿನ ಕೊನೇ ಸೀಟಿನವರೆಗೆ ಮುಟ್ಟುವ ಧ್ವನಿಯಲ್ಲಿ. ಬೀದಿಯೇ ತಿರುಗಿ ನೋಡಿತು. "ಆ ಕೈ ಬಿಡು."

"ಮೇಡಂ, ಇವರು ಮುಂದೆ ನಡೀಬೇಕು ಅಂತ ಮೇಯರು..."

"ಮೇಯರು ಪೈನ್ ಸ್ಟ್ರೀಟಲ್ಲಿ ಓದಿದ್ದಾರಾ? ಇಲ್ಲ ತಾನೇ? ಈ ಸಾಲಿನ ಮುಂದೆ ನಡೆಯೋಳು ನಾನು. ಇವಳಿಗೆ ಹೆಜ್ಜೆ ಬರಲ್ಲ. ವಾರಪೂರ್ತಿ ಕಲಿಸಿದ್ದೀನಿ, ಕತ್ತೆಗೂ ಬಂದಿರೋದು. ಹೆಜ್ಜೆ ಬಾರದವರು ನಮ್ಮಲ್ಲಿ ಮಧ್ಯ ನಡೀತಾರೆ. ಅಲ್ಲಿ ತಪ್ಪಿದ್ರೂ ಯಾರಿಗೂ ಕಾಣಲ್ಲ. ಕ್ಯಾಮೆರಾಕ್ಕೆ ಇವಳೇ ಬೇಕಾದ್ರೆ ಅದೂ ಮಧ್ಯಕ್ಕೆ ನುಗ್ಗಲಿ."

"ಆದ್ರೆ ಇವರು ಬಾಗಿಲು ತೆರೆದವರು..."

"ತೆರೆದಾಯ್ತಲ್ಲ? ಇನ್ನು ಅವಳು ಹಿಂದೆ ಹೋಗಿ ನಿಂತ್ಕೊಳ್ಳಲಿ. ರೋವೀನಾ, ನಡಿ!"

ಹುಡುಗಿ ಕೈ ಬಿಟ್ಟಳು. ರೋವೀನಾ ಪಟ್ಟಿಯನ್ನು ಕಳಚಿ ಅವಳ ಕೈಗೆ ಕೊಟ್ಟು ತಿರುಗಿ ನಡೆದಳು. ಸಾಲು ಬಾಯಿ ತೆರೆದು ಅವಳನ್ನು ನುಂಗಿ ಮುಚ್ಚಿಕೊಂಡಿತು.

ಡೆಲ್ಫೀನ್ ಸೀಟಿ ಊದಿದಳು. ಡೋಲಿಗೆ ಪೆಟ್ಟು ಬಿತ್ತು. ಮೂರು ಹೆಜ್ಜೆ, ಒಂದು ಎಳೆತ. ಮುದಿ ಕಾಲುಗಳೆಲ್ಲ ಒಟ್ಟಿಗೆ ಡಾಂಬರಿನ ಮೇಲೆ ಸರ್ರೆಂದು ಎಳೆದವು. ಜನ ಎದ್ದು ನಿಂತರು. ಜಾಗ ಅವಳದೇ ಆಗಿ ಉಳಿದಿತ್ತು, ಊರೆಲ್ಲ ನೋಡುವಂತೆ ಉಳಿದಿತ್ತು. ಅವಳು ಭುಜವನ್ನು ಹಿಂದಕ್ಕೆ ವಾಲಿಸಿದಳು. ಮಂಡಿಯ ನೋವು ಎಲ್ಲೋ ಹೋಗಿತ್ತು.

ಎರಡನೆಯ ತಿರುವಿನಲ್ಲಿ ಹಿಂದಿನಿಂದ ಒಂದು ಎಳೆತ ತಡವಾಗಿ ಕೇಳಿಸಿತು. ಒಂಟಿ ಸದ್ದು, ಎಲ್ಲರದೂ ಮುಗಿದ ಮೇಲೆ ಬಂದದ್ದು. ಅದರ ಹಿಂದೆಯೇ ನಗು. ಮೊದಲು ಒಬ್ಬರದು, ಆಮೇಲೆ ನಾಲ್ಕೈದು ಜನರದು, ಆಮೇಲೆ ಇಡೀ ಮಧ್ಯದ ಸಾಲುಗಳು ಉಬ್ಬಸ ಬರುವಂತೆ ನಗತೊಡಗಿದವು. ಲೆಮುಯೆಲ್ ಏನೋ ಅಂದ. ರೋವೀನಾ ಏನೋ ತಿರುಗಿಸಿ ಅಂದಳು. ಮತ್ತೆ ನಗು. ಆ ನಗುವಿನಲ್ಲಿ ವೇದಿಕೆಯದು ಏನೂ ಇರಲಿಲ್ಲ.

ಮುಂದಾಳು ಹಿಂದೆ ತಿರುಗಿ ನೋಡುವಂತಿಲ್ಲ. ಡೆಲ್ಫೀನ್ ಕೋಲೆತ್ತಿ, ಗಲ್ಲವೆತ್ತಿ ನಡೆದಳು. ಎದುರಿಗೆ ಖಾಲಿ ರಸ್ತೆ. ಎಡಕ್ಕೆ ಯಾರೂ ಇಲ್ಲ, ಬಲಕ್ಕೆ ಯಾರೂ ಇಲ್ಲ. ಬೆನ್ನ ಹಿಂದೆ ಐವತ್ತು ವರ್ಷದ ತನ್ನ ಜನ ಏನಕ್ಕೋ ನಗುತ್ತಿದ್ದರು. ಏನಕ್ಕೆಂದು ಅವಳೊಬ್ಬಳಿಗೆ ಗೊತ್ತಿರಲಿಲ್ಲ.

ಗೇಟಿನ ಬಳಿ ಮೆರವಣಿಗೆ ಮುಗಿದ ತಕ್ಷಣ ಓಡಿ ಬಂದು ಕೇಳಿದಳು, "ಏನಾಯ್ತೇ ಅಲ್ಲಿ? ಏನು ಅಷ್ಟು ನಕ್ಕಿದ್ದು?"

"ಏನಿಲ್ಲ," ಎಂದ ಲೆಮುಯೆಲ್, ಕಣ್ಣೊರೆಸಿಕೊಳ್ಳುತ್ತಾ. "ಅಲ್ಲೇ ಇದ್ದಿದ್ರೆ ಗೊತ್ತಾಗ್ತಿತ್ತು."

ಆಮೇಲೆ ಆ ಇಬ್ಬರು ಹೆಂಗಸರು ಎಷ್ಟೋ ಮಧ್ಯಾಹ್ನಗಳನ್ನು ಜಗಲಿಯಲ್ಲಿ ಕಳೆದರು. ಡೆಲ್ಫೀನ್ ಅದನ್ನು ಕೇಳುವುದನ್ನು ಬಿಡಲಿಲ್ಲ. ಈ ವಸಂತದಲ್ಲಿ ಹಾಸಿಗೆ ಹಿಡಿದ ಮೇಲೂ ಕೇಳಿದಳು. ರೋವೀನಾ ಪಕ್ಕದಲ್ಲಿ ಕೂತು ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು.

"ಈಗಲಾದ್ರೂ ಹೇಳೇ. ಅವತ್ತು ಏನಂದೆ ನೀನು?"

"ಹೇಳಲ್ಲ ಹೋಗು," ಎಂದಳು ರೋವೀನಾ. "ಒಂದಾದ್ರೂ ನನ್ನ ಹತ್ರ ಇರಲಿ."

ಡೆಲ್ಫೀನ್ ಮುಖ ಊದಿಸಿಕೊಂಡು ಗೋಡೆಯ ಕಡೆ ತಿರುಗಿದಳು. ಕಾಲನ್ನು ಮಾತ್ರ ಅವಳ ಕೈಯಿಂದ ಎಳೆದುಕೊಳ್ಳಲಿಲ್ಲ.